ಮೊದಲು ಪ್ರೊಸೆಸರ್ ಹೇಳಿ
ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯ ಮೇಲ್ವಿಚಾರಕ ಕರುಣೆಯಿಲ್ಲದ ಮನುಷ್ಯ. ಅಳುತ್ತ ಹೋದವರಿಗೂ ಅವನದು ಒಂದೇ ಮಾತು: "ಮೊದಲು ಪ್ರೊಸೆಸರ್ ಹೇಳಿ, ಆಮೇಲೆ ಕಷ್ಟ ಹೇಳಿ." ಒಂದೇ ಬಗೆಯ ಪ್ರೊಸೆಸರನ್ನು ಲಿನಕ್ಸ್ ಎಂಬ ಕಾರ್ಯಾಚರಣೆ ತಂತ್ರಾಂಶದ ಒಂದು ಬಗೆ 'ಎಎಂಡಿ64' ಎಂದರೆ ಇನ್ನೊಂದು 'ಎಕ್ಸ್86-64' ಎನ್ನುತ್ತದೆ. ಇಂಥ ಹೆಸರುಗಳನ್ನೆಲ್ಲ ಜೋಡಿಸಿ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದಾನೆ. ಅದರಲ್ಲಿಲ್ಲದ್ದು ಅವನ ಪಾಲಿಗೆ ಲೋಕದಲ್ಲೇ ಇಲ್ಲ. ಸಹೋದ್ಯೋಗಿಗಳ ಹೆಸರು ಮಾತ್ರ ನೆನಪಿರುವುದಿಲ್ಲ, ಅವರ ಕಂಪ್ಯೂಟರಿನ ಪ್ರೊಸೆಸರಿನಿಂದಲೇ ಗುರುತಿಸಿ "ಆ ಆರ್ಮ್64 ಮೇಡಂ" ಎನ್ನುತ್ತಾನೆ. "ಮದುವೆಗೆ ಮುಂಚೆ ನನ್ನ ಪ್ರೊಸೆಸರ್ ಯಾವುದು ಅಂತ ಕೇಳಲೇ ಇಲ್ವಲ್ರೀ," ಎಂದು ಅವನ ಹೆಂಡತಿ ನನ್ನೆದುರೇ ಚುಚ್ಚಿದಾಗ, "ಕೇಳ್ಬೇಕಿತ್ತು ಕಣೇ," ಎಂದು ನಗದೆ ಹೇಳಿದ. ಗ್ರಂಥಾಲಯದಲ್ಲಿ ಕಣ್ಣು ಕಾಣದ ಅಧ್ಯಾಪಕಿಯೊಬ್ಬರಿಗೆ ಪುಸ್ತಕ ಓದಿ ಹೇಳುವ ಮುದಿ ಕಂಪ್ಯೂಟರೊಂದಿದೆ, 'ಐ386' ಜಾತಿಯದು. ಅವರಿಗೆ ಬೇರೆ ಗತಿಯಿಲ್ಲ. ಅದರ ಡಿಸ್ಕ್ ಕೆಟ್ಟು ಎಲ್ಲವನ್ನೂ ಹೊಸದಾಗಿ ಹಾಕಬೇಕಾದಾಗ, ಆ ಜಾತಿಯ ಪ್ರೊಸೆಸರಿಗೆ ಹೊಂದುವ ಪ್ಯಾಕೇಜುಗಳು, ಅಂದರೆ ಹಾಕಲು ಸಿದ್ಧವಾದ ತಂತ್ರಾಂಶಗಳು, ಬರುವುದೇ ನಿಂತುಹೋಗಿತ್ತು. "ಇದಕ್ಕಿನ್ನು ಏನೂ ಬರಲ್ಲ ಮೇಡಂ," ಎಂದು ಅವರ ಮುಖಕ್ಕೇ ಹೇಳಿ, ಗೋಡೆಯ ಪಟ್ಟಿಯಲ್ಲಿ ಆ ಸಾಲನ್ನು ಹೊಡೆದುಹಾಕಿದ. ನಾಲ್ಕು ದಿನ ಅವರು ಮುಚ್ಚಿದ ಪುಸ್ತಕದ ಮೇಲೆ ಕೈಯಿಟ್ಟು ಕೂತಿದ್ದರು. ಐದನೆಯ ಬೆಳಿಗ್ಗೆ ಆ ಯಂತ್ರ ತನ್ನ ಎಂದಿನ ಒಡಕು ದನಿಯಲ್ಲಿ ಓದತೊಡಗಿತು. ಅವರ ಮುಖ ಸಡಿಲವಾಯಿತು, ನಾವೂ ಉಸಿರು ಬಿಟ್ಟೆವು. ವಿಚಾರಿಸಲು ಹೋದರೆ ಅವನು ಕುರ್ಚಿಯಲ್ಲೇ ನಿದ್ದೆಹೋಗಿದ್ದ. ಗೋಡೆಯ ಪಟ್ಟಿಯಲ್ಲಿ, ಹೊಡೆದುಹಾಕಿದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಬರೆದಿತ್ತು: "ಐ386. ಒಂದೇ ಯಂತ್ರ. ಪ್ಯಾಕೇಜ್ ತಯಾರಿಸುವವನು: ನಾನು."