ಎಲ್ಲರೂ ಬೇಡವೆಂದ ಚಾಲಕರಿಗೆ ಪಾಲಿಸಿ ಅಕ್ಕ

ಬೆಳಿಗ್ಗೆ ಐದೂ ಮುಕ್ಕಾಲು. ಕೆಳಗಿನ ಟೈರ್ ಅಂಗಡಿಯ ಶಟರ್ ಇನ್ನೂ ಮೇಲೇರಿಲ್ಲ. ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಒಂದೇ ಕೋಣೆಯ ಕಚೇರಿ. ಟ್ಯೂಬ್‌ಲೈಟು ಆಗಲೇ ಉರಿಯುತ್ತಿದೆ. ಮೇಜಿನ ಹಿಂದೆ ಕುಳಿತ ಹೆಂಗಸು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಫೈಲಿನ ದಾರ ಬಿಚ್ಚುತ್ತಿದ್ದಾರೆ. ಫೋನಿನೊಳಗೆ ಹತ್ತು ನಿಮಿಷದಿಂದ ಅದೇ ಸಂಗೀತ ಗಿರಕಿ ಹೊಡೆಯುತ್ತಿದೆ. ನಡುನಡುವೆ ಒಂದು ಧ್ವನಿ, 'ದಯವಿಟ್ಟು ಕಾಯಿರಿ, ನಿಮ್ಮ ಕರೆ ನಮಗೆ ಅಮೂಲ್ಯ' ಎನ್ನುತ್ತದೆ. ಇವರು ತಲೆಯೆತ್ತದೆಯೇ "ಗೊತ್ತಮ್ಮಾ, ಗೊತ್ತು" ಎನ್ನುತ್ತಾರೆ.

ಬೀದಿಯವರೆಲ್ಲ ಇವರನ್ನು ಕರೆಯುವುದು ಪಾಲಿಸಿ ಅಕ್ಕ ಎಂದು. ವಯಸ್ಸು ಐವತ್ತನಾಲ್ಕು. ಕುಡಿದು ಓಡಿಸಿ ಸಿಕ್ಕಿಬಿದ್ದವರು, ಗುದ್ದಿ ಓಡಿಹೋದವರು, ರಸ್ತೆಯನ್ನೇ ಪಂದ್ಯದ ಅಂಗಳ ಮಾಡಿಕೊಂಡು ಲೈಸೆನ್ಸ್ ಕಳೆದುಕೊಂಡವರು ಶಿಕ್ಷೆ ಮುಗಿಸಿ ಬಂದ ಮೇಲೆ, ಅವರಿಗೆ ಕೈಗೆಟಕುವ ಕಾರು ವಿಮೆ ಹುಡುಕಿಕೊಡುವುದು ಇವರ ಕೆಲಸ. ವಿಮೆಯಿಲ್ಲದೆ ಗಾಡಿ ರಸ್ತೆಗಿಳಿಯುವಂತಿಲ್ಲ. ಈ ಹೆಸರುಗಳನ್ನು ಕಂಡರೆ ಕಂಪನಿಗಳು ಬಾಗಿಲು ಹಾಕಿಕೊಳ್ಳುತ್ತವೆ, ಇಲ್ಲವೇ ಬಾಯಿಗೆ ಬಂದ ದರ ಹೇಳುತ್ತವೆ. ಹಾಗಾಗಿ ಎಲ್ಲ ಕಡೆ ಇಲ್ಲ ಅನ್ನಿಸಿಕೊಂಡವರು ಕೊನೆಗೆ ಹತ್ತುವುದು ಈ ಮೆಟ್ಟಿಲು.

"ಆರು ಗಂಟೆಗೆ ಮುಂಚೆ ಲೈನಲ್ಲಿ ನಿಂತ್ರೆ ಆರೂಕಾಲಕ್ಕಾದ್ರೂ ಮನುಷ್ಯರು ಸಿಗ್ತಾರೆ," ಎನ್ನುತ್ತಾರೆ ಅಕ್ಕ. "ಹತ್ತು ಗಂಟೆ ಆದ್ಮೇಲೆ ಬರೀ ಸಂಗೀತ ಕೇಳ್ಬೇಕು."

ದಿನಕ್ಕೆ ಸುಮಾರು ನಲವತ್ತು ಕರೆ. ಅದರಲ್ಲಿ ಮೂವತ್ತಕ್ಕೆ ಉತ್ತರ 'ಇಲ್ಲ'. ಬಲಗಿವಿಯ ಹಿಂದೆ ಫೋನು ಒತ್ತಿ ಒತ್ತಿ ಚರ್ಮ ದಡ್ಡುಗಟ್ಟಿದೆ. ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿಹೋಗುತ್ತದೆ. ಮೇಜಿನ ಖಾನೆಯಲ್ಲಿ ಪೆನ್ನುಗಳಿಗಿಂತ ಕೆಮ್ಮಿನ ಮಾತ್ರೆಗಳೇ ಹೆಚ್ಚು.

ಇದಕ್ಕೂ ಮೊದಲು ಹದಿನೇಳು ವರ್ಷ ಅವರು ದೊಡ್ಡ ವಿಮಾ ಕಂಪನಿಯೊಂದರಲ್ಲಿ ಗುಮಾಸ್ತೆ. ಅರ್ಜಿ ತಿರಸ್ಕರಿಸುವ ಪತ್ರಗಳನ್ನು ಟೈಪ್ ಮಾಡುವುದೇ ಕೆಲಸ. "'ವಿಷಾದಿಸುತ್ತೇವೆ' ಅಂತ ದಿನಕ್ಕೆ ಐವತ್ತು ಸಲ ಹೊಡೀತಿದ್ದೆ. ವಿಷಾದ ಒಂದ್ಸಲಾನೂ ಆಗಿರ್ಲಿಲ್ಲ," ಎಂದು ಅವರೇ ಹೇಳಿಕೊಳ್ಳುತ್ತಾರೆ. ಶಾಖೆ ಮುಚ್ಚಿತು. ಬೇರೆ ಊರಿಗೆ ವರ್ಗ ಎಂದರು. ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದ ಗಂಡ, ಮಂಡಿ ಹಿಡಿದುಹೋಗಿದ್ದ ಅತ್ತೆ, ಇಬ್ಬರನ್ನೂ ಬಿಟ್ಟು ಹೊರಡುವುದು ಆಗದ ಮಾತು. ಕೆಲಸ ಬಿಟ್ಟು ಈ ಕೋಣೆ ಬಾಡಿಗೆಗೆ ಹಿಡಿದರು. ಯಾವ ಕಂಪನಿ ಯಾರನ್ನು ಯಾಕೆ ಬೇಡ ಅನ್ನುತ್ತದೆ ಎನ್ನುವುದು ಅವರಿಗೆ ಬಾಯಿಪಾಠವಾಗಿತ್ತು. ಆ ಪಾಠವನ್ನೇ ತಿರುಗಿಸಿ ಹಿಡಿದರು, ಅಷ್ಟೇ.

ಅವರ ಬಗ್ಗೆ ಬರೆಯಲೆಂದು ನಾನು ಹೋಗಿದ್ದ ಮಂಗಳವಾರ, ಆರೂಕಾಲಕ್ಕೆ ಮೆಟ್ಟಿಲ ಮೇಲೆ ಎರಡು ಜೊತೆ ಹೆಜ್ಜೆ ಸದ್ದು. ಬಂದವರು ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್ ಮತ್ತು ಅವರ ಹೆಂಡತಿ. ಗಂಡನಿಗೆ ನಲವತ್ತರ ಆಸುಪಾಸು. ಸಹೋದ್ಯೋಗಿಯ ಬೀಳ್ಕೊಡುಗೆ ಪಾರ್ಟಿಯಲ್ಲಿ ಕುಡಿದು, ಕಾರು ತೆಗೆದುಕೊಂಡು ಹೋಗಿ ಬೀದಿದೀಪದ ಕಂಬಕ್ಕೂ ನಿಂತಿದ್ದ ವ್ಯಾನಿಗೂ ಗುದ್ದಿದವರು. ವರ್ಷದ ಮಟ್ಟಿಗೆ ಲೈಸೆನ್ಸ್ ಹೋಗಿತ್ತು, ಈಗ ವಾಪಸ್ ಬಂದಿದೆ. ಆದರೆ ವಿಮೆ ಚಾಲ್ತಿಯಲ್ಲಿದೆ ಎಂದು ವಿಮಾ ಕಂಪನಿಯೇ ಲೈಸೆನ್ಸ್ ಕಚೇರಿಗೆ ಪತ್ರ ಕೊಡಬೇಕು. ಮೂರು ವರ್ಷ ಒಂದು ದಿನವೂ ವಿಮೆ ತಪ್ಪಬಾರದು. ಇಷ್ಟು ದಿನ ಗೋದಾಮಿನಲ್ಲಿ ಕೂರಿಸಿದ್ದ ಮಾಲೀಕರು ಶುಕ್ರವಾರದವರೆಗೆ ಗಡುವು ಕೊಟ್ಟಿದ್ದಾರೆ. ಉಪಕರಣ ಹೇರಿಕೊಂಡು ಕಾರಿನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಹೋಗಲಾಗದ ಮೆಕ್ಯಾನಿಕ್ಕನ್ನು ಇಟ್ಟುಕೊಂಡು ಅವರೇನು ಮಾಡಬೇಕು?

"ಆವತ್ತು ಏನಾಯ್ತು, ಮೊದಲಿಂದ ಹೇಳಿ," ಎಂದರು ಅಕ್ಕ.

"ಎಲ್ಲಾ ಪೇಪರಲ್ಲಿ ಇದೆಯಲ್ಲ ಅಕ್ಕಾ."

"ಪೇಪರ್ ಓದೋಕೆ ನಂಗೂ ಬರುತ್ತೆ. ನಿಮ್ಮ ಬಾಯಲ್ಲಿ ಕೇಳ್ಬೇಕು."

ಆತ ಹೇಳಿದರು. ತಡವರಿಸುತ್ತಾ, ಪಕ್ಕದಲ್ಲಿ ಕುಳಿತ ಹೆಂಡತಿಯ ಕಡೆ ನೋಡದೆ. ಅಕ್ಕ ಬರೆದುಕೊಂಡರು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಇನ್ನೇನಾದ್ರೂ ಇದೆಯಾ? ಇದ್ರೆ ಈಗ್ಲೇ ಹೇಳಿಬಿಡಿ. ಕಂಪನಿಯವರು ಒಂದು ಬಟನ್ ಒತ್ತಿದ್ರೆ ನಿಮ್ಮ ಜಾತಕ ಎಲ್ಲಾ ಹೊರಗೆ ಬರುತ್ತೆ. ಆಮೇಲೆ ನಿಮ್ಮ ಮಾತೂ ನಡೆಯಲ್ಲ, ನನ್ನ ಮಾತೂ ನಡೆಯಲ್ಲ."

ಆತ ಜೇಬಿನಿಂದ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟರು.

"ಲೈಸೆನ್ಸ್ ಇಲ್ಲದಾಗ ಒಂದ್ಸಲ ಓಡಿಸಿದ್ದೆ. ಸಿಗ್ನಲ್ ಹತ್ರ ಹಿಡಿದ್ರು. ದಂಡ ಹಾಕಿದ್ರು."

ಹೆಂಡತಿ ಥಟ್ಟನೆ ತಿರುಗಿದರು. "ಯಾವಾಗ?"

"ಎಂಟು ತಿಂಗಳಾಯ್ತು."

"ಬಸ್ಸಲ್ಲಿ ಹೋಗ್ತಿದೀನಿ ಅಂದಿದ್ರಲ್ಲ. ದಿನಾ ಬೆಳಿಗ್ಗೆ ಬಸ್ಸಿಗೆ ಅಂತ ಚಿಲ್ಲರೆ ಎತ್ತಿಡ್ತಿದ್ದೆನಲ್ಲ ನಾನು."

ಹೆಂಡತಿ ಎದ್ದು ಹೊರಗೆ ಹೋದರು. ಮೆಟ್ಟಿಲ ಬಾಯಲ್ಲಿ ಕಂಬಿ ಹಿಡಿದು ಬೀದಿ ನೋಡುತ್ತಾ ನಿಂತರು. ಗಂಡ ಹಿಂದೆಯೇ ಏಳಹೊರಟಾಗ ಅಕ್ಕ ಕೈಸನ್ನೆಯಲ್ಲೇ ಕೂರಿಸಿದರು. ಐದು ನಿಮಿಷ ಕಳೆದು ಹೆಂಡತಿ ಒಳಗೆ ಬಂದು, ಕುರ್ಚಿಯನ್ನು ಒಂದಿಷ್ಟು ದೂರಕ್ಕೆ ಎಳೆದುಕೊಂಡು ಕುಳಿತರು.

"ಅದನ್ನೂ ಬರೀರಿ ಅಕ್ಕಾ," ಎಂದರು. "ಮುಚ್ಚಿಟ್ಟಿದ್ದು ಸಾಕು."

ಹೀಗೆ ಕೆದಕಿ ಕೇಳುವುದಕ್ಕೆ ಒಂದು ಕಾರಣ ಇದೆ. ನಾಲ್ಕು ವರ್ಷದ ಹಿಂದೆ ಅಕ್ಕ ಒಬ್ಬನಿಗೆ ಹೆಚ್ಚು ವಿಚಾರಿಸದೆ ಪಾಲಿಸಿ ಕೊಡಿಸಿದ್ದರು. ನಯವಾಗಿ ಮಾತಾಡುವ ಮನುಷ್ಯ. ಎರಡೇ ತಿಂಗಳಿಗೆ ಮತ್ತೆ ಕುಡಿದು ಓಡಿಸಿ, ಬೆಳಗಿನ ಪಾಳಿಗೆ ರಸ್ತೆ ದಾಟುತ್ತಿದ್ದ ಹೆಂಗಸಿಗೆ ಗುದ್ದಿದ. ಆಕೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದವಳು. ಕಾಲು ಎರಡು ಕಡೆ ಮುರಿದಿತ್ತು.

ಅಕ್ಕ ಕಚೇರಿಗೆ ಬೀಗ ಹಾಕಿ ಒಂದು ವಾರ ಮನೆಯಲ್ಲೇ ಕುಳಿತರು. ಅನ್ನ ಸೇರಲಿಲ್ಲ. ಎಂಟನೇ ದಿನ ಆಸ್ಪತ್ರೆಗೆ ಹೋಗಿ, ಆ ಹೆಂಗಸಿನ ಮಂಚದ ಪಕ್ಕ ನಿಂತು, ತಾನು ಯಾರು ಎಂದು ಹೇಳಿದರು.

"ಬೈತಾಳೆ ಅಂತಲೇ ಹೋಗಿದ್ದೆ. ಬೈದಳು ಕೂಡ," ಎಂದು ನೆನೆಯುತ್ತಾರೆ. "'ನೀನು ಆ ಕಾಗದ ಕೊಡ್ಸಿದ್ದಕ್ಕೇ ಅವನು ರಸ್ತೆಗೆ ಬಂದ' ಅಂದ್ಲು. ಹೌದು ಅಂದೆ. ಆಮೇಲೆ ಅವಳೇ ಅಂದ್ಲು, 'ಕಾಗದ ಇಲ್ದಿದ್ರೂ ಬರ್ತಿದ್ದ ಅನ್ಸುತ್ತೆ. ಆಗ ನನ್ನ ಆಪರೇಷನ್ನಿಗೆ ದುಡ್ಡು ಕೊಡೋರು ಯಾರಿರ್ತಿದ್ರು?' ಅಂತ. ನಾನು ಅಳಲಿಲ್ಲ. ಕೆಳಗಿಳಿದು ಬಂದು, ಆಸ್ಪತ್ರೆ ಗೇಟಿನ ಹತ್ರ ಕಲ್ಲುಬೆಂಚಿನ ಮೇಲೆ ಕೂತ್ಬಿಟ್ಟೆ."

ಮಾರನೇ ದಿನ ಬೀಗ ತೆಗೆದರು. ಅಂದಿನಿಂದ ಮುಖ ನೋಡದೆ ಯಾರ ಅರ್ಜಿಯನ್ನೂ ಮುಟ್ಟುವುದಿಲ್ಲ. ಹತ್ತು ಜನ ಬಂದರೆ ನಾಲ್ವರನ್ನು ವಾಪಸ್ ಕಳಿಸುತ್ತಾರೆ. 'ನನ್ನದೇನೂ ತಪ್ಪಿಲ್ಲ, ಪೊಲೀಸರದ್ದೇ ತಪ್ಪು' ಎನ್ನುವವರನ್ನಂತೂ ಕೂರಿಸುವುದೂ ಇಲ್ಲ.

ಇಷ್ಟಾದರೂ ನೆಂಟರ ಬಾಯಲ್ಲಿ ಇವರು 'ಕುಡುಕರ ಏಜೆಂಟು'. ಮದುವೆ ಮನೆಯಲ್ಲಿ ಪಕ್ಕದ ಎಲೆಯವರು ನಗುತ್ತಲೇ ಚುಚ್ಚುತ್ತಾರೆ. ಮೊದಮೊದಲು ಉತ್ತರ ಕೊಡುತ್ತಿದ್ದರಂತೆ, ಈಗ ಅದಕ್ಕೂ ಶಕ್ತಿ ಇಲ್ಲ. ಮನೆಯಲ್ಲಿ ಮಾತ್ರ ಅವರ ಪರ ಬಲವಾಗಿ ನಿಲ್ಲುವವರು ಒಬ್ಬರಿದ್ದಾರೆ: ಎಂಬತ್ತೆರಡರ ಅತ್ತೆ. ಸೊಸೆ ಸ್ನಾನಕ್ಕೆ ಹೋದಾಗ ಫೋನ್ ಎತ್ತುವುದು ಅವರೇ. "ಎಷ್ಟು ಕುಡ್ದಿದ್ದೆ ಮಗಾ? ಹೆಂಡ್ತಿಗೆ ಗೊತ್ತಾ? ಅಮ್ಮ ಇದಾರಾ?" ಎಂದು ಶುರುಮಾಡಿದರೆ ಮುಗಿಯಿತು. ಎಷ್ಟೋ ಜನ ಅಲ್ಲೇ ಫೋನ್ ಇಟ್ಟುಬಿಡುತ್ತಾರೆ. "ಇಟ್ಟವರು ಕೆಲ್ಸಕ್ಕೆ ಬರಲ್ಲ, ಬಿಡು," ಎಂದು ಅತ್ತೆಯ ತೀರ್ಪು. ಅಕ್ಕನ ಪ್ರಕಾರ ಅದು ಬಹುಪಾಲು ಸರಿಯೇ ಆಗಿರುತ್ತದೆ.

ಬುಧವಾರ ಇಡೀ ದಿನ ಲಿಫ್ಟ್ ಮೆಕ್ಯಾನಿಕ್ಕಿನ ಫೈಲು. ಒಂಬತ್ತು ಕಂಪನಿ ನೇರವಾಗಿ ಇಲ್ಲ ಎಂದವು. ಹತ್ತನೆಯದು ಹೇಳಿದ ದರ ಆತನ ಸಂಬಳದ ಅರ್ಧ. ಅಕ್ಕ ಫೋನಿಟ್ಟು ಹಣೆ ಒತ್ತಿಕೊಂಡರು. ಗಂಡ ಕಟ್ಟಿಕೊಟ್ಟಿದ್ದ ಊಟದ ಡಬ್ಬಿ ಮೂರೂವರೆಯಾದರೂ ಮುಚ್ಚಿಯೇ ಇತ್ತು.

ಇನ್ನು ದರ ಇಳಿಸುವ ಕೆಲಸ. ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ದೊಡ್ಡ ಕಾರು ಮಾರಿ ಹಳೆಯ ಚಿಕ್ಕ ಕಾರು ತೆಗೆದುಕೊಳ್ಳಲು ಒಪ್ಪಿಸಿದರು. ಉಸಿರು ಊದಿ ಕುಡಿದಿಲ್ಲ ಎಂದು ತೋರಿಸದೆ ಎಂಜಿನ್ ಚಾಲೂ ಆಗದಂಥ ಯಂತ್ರ ಕೂರಿಸಲು ಒಪ್ಪಿಸಿದರು. ಸುರಕ್ಷಿತ ಚಾಲನೆಯ ತರಗತಿಗೆ ಹೆಸರು ಬರೆಸಿದರು. ಇಷ್ಟೆಲ್ಲ ಕೈಯಲ್ಲಿ ಹಿಡಿದು ಹನ್ನೊಂದನೆಯ ಕಂಪನಿಗೆ ಕರೆ ಮಾಡಿದರು. ಅಲ್ಲಿನ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ.

"ಲೈಸೆನ್ಸ್ ಇಲ್ಲದೆ ಓಡಿಸಿದ್ದನ್ನ ಅವರೇ ಹೇಳಿದ್ರಾ, ನೀವು ಕಂಡುಹಿಡಿದ್ರಾ?"

"ಅವರೇ ಹೇಳಿದ್ರು ಸಾರ್. ಹೆಂಡ್ತಿ ಎದುರಿಗೆ."

ಆ ಕಡೆ ಕೀಲಿಮಣೆಯ ಸದ್ದು. ಆಮೇಲೆ, "ಕಳ್ಸಿ, ನೋಡೋಣ."

ಗುರುವಾರ ಸಂಜೆ ಪತ್ರ ಬಂತು. ದರ ಸಂಬಳದ ಐದನೇ ಒಂದು ಪಾಲು, ತಿಂಗಳು ತಿಂಗಳು ಕಟ್ಟಬಹುದು. ಭಾರವೇ, ಆದರೆ ಹೊರಬಹುದಾದ ಭಾರ. ಪತ್ರ ಒಯ್ಯಲು ಬಂದದ್ದು ಹೆಂಡತಿ ಒಬ್ಬರೇ. ಎರಡು ಸಲ ಓದಿ ಮಡಿಸಿ ಚೀಲಕ್ಕೆ ಹಾಕಿಕೊಂಡರು. "ಇನ್ನೂ ಅವರ ಹತ್ರ ಸರಿಯಾಗಿ ಮಾತಾಡ್ತಿಲ್ಲ ಅಕ್ಕಾ," ಎಂದರು.

"ಬೇಡ. ಮಾತು ಬಂದಾಗ ಆಡಿ," ಎಂದರು ಅಕ್ಕ.

ಕೆಲಸ ಗೆದ್ದ ಸಂಭ್ರಮವೇನೂ ಮುಖದಲ್ಲಿ ಕಾಣಲಿಲ್ಲ. ಮುಂದಿನ ಫೈಲಿಗೆ ಕೈ ಹಾಕಿ ಆಗಿತ್ತು. ಬೇಸರ ಬರುವುದಿಲ್ಲವೇ ಎಂದು ಕೇಳಿದೆ. "ಬರುತ್ತೆ. ದಿನಾ ಬರುತ್ತೆ. ಬೇಸರಕ್ಕೂ ಒಂದು ಕುರ್ಚಿ ಹಾಕಿ ಕೆಲ್ಸ ಮಾಡ್ತೀನಿ," ಎಂದರು.

ಅಷ್ಟರಲ್ಲಿ ದಂತವೈದ್ಯರ ಬಳಿ ಸಹಾಯಕಿಯಾಗಿರುವ ಯುವತಿಯೊಬ್ಬಳು ಮೆಟ್ಟಿಲು ಹತ್ತಿ ಬಂದಳು. ನಾಲ್ಕು ವರ್ಷದ ಹಿಂದೆ ಅತಿವೇಗಕ್ಕೆ ಲೈಸೆನ್ಸ್ ಕಳೆದುಕೊಂಡಿದ್ದವಳು. ವಿಮೆ ತಪ್ಪಬಾರದ ಮೂರು ವರ್ಷದ ಅವಧಿ ಮುಗಿದಿದೆ, ಒಂದು ತಪ್ಪೂ ಇಲ್ಲ, ದೊಡ್ಡ ಕಂಪನಿಯೊಂದು ಎಲ್ಲರಿಗೂ ಕೊಡುವ ದರದಲ್ಲೇ ವಿಮೆ ಕೊಡಲು ಒಪ್ಪಿದೆ. ಹಳೆಯ ಕಾಗದ ತೆಗೆದುಕೊಂಡು ಹೋಗಲು ಬಂದಿದ್ದಾಳೆ.

ಅಕ್ಕ ಮಂಡಿ ಹಿಡಿದುಕೊಂಡು ಎದ್ದು, ಬೀರುವಿನಿಂದ ಫೈಲು ತೆಗೆದುಕೊಟ್ಟು, ಬಾಗಿಲವರೆಗೂ ಬಂದರು.

"ಬರ್ತೀನಿ ಅಕ್ಕಾ," ಎಂದಳು ಹುಡುಗಿ, ಅಭ್ಯಾಸಬಲದಿಂದ.

"ಬರಬೇಡ ಮಾರಾಯ್ತಿ. ಹೋಗು."

ಹುಡುಗಿ ನಗುತ್ತಾ ಇಳಿದುಹೋದಳು. ಅಕ್ಕ ನನ್ನ ಕಡೆ ತಿರುಗಿದರು. "ಹೋಗಿ ಬಾ ಅಂತ ಇಲ್ಲಿ ಯಾರಿಗೂ ಹೇಳಲ್ಲ ನಾನು. ಹೋದವರು ಹೋಗೇಬಿಡ್ಬೇಕು. ಈ ವರ್ಷ ಹಾಗೆ ಹೋದವರು ಇವಳು ಸೇರಿ ಹತ್ತೊಂಬತ್ತು ಜನ. ಒಬ್ಬರೂ ವಾಪಸ್ ಬಂದಿಲ್ಲ."