ಆ ಮನೆಯ ಹೆಣ್ಣು ತರಬಹುದೇ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹುಮನಾಬಾದಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಗಂಡನ ಮನೆ ಬಸವಕಲ್ಯಾಣ. ದಿನಾ ಬಸ್ಸಿನಲ್ಲಿ ಓಡಾಟ. ಡ್ಯೂಟಿ ಮುಗಿದ ಮೇಲೆ ಡಾಕ್ಟರು ಹೇಳಿದ್ದ ಒಂದು ಮನೆಗೆ, ಮಾಣಿಕನಗರಕ್ಕೆ, ಡ್ರೆಸ್ಸಿಂಗ್ ಮಾಡಲು ಹೋಗುತ್ತಿದ್ದೆ. ರೋಗಿ ತೆಂಗಿನಕಾಯಿ, ಕರ್ಪೂರದ ಅಂಗಡಿಯವರ ಹೆಂಡತಿ. ಎದೆಯ ಕ್ಯಾನ್ಸರು ಹುಣ್ಣಾಗಿ ಒಡೆದು ಸೋರುತ್ತಿತ್ತು. ಸೊಲ್ಲಾಪುರದಲ್ಲಿ ಕೈಚೆಲ್ಲಿ ಮನೆಗೆ ಕಳಿಸಿದ್ದರು. ಕೇಳಿದವರಿಗೆಲ್ಲ ಕುರು ಎಂದು ಹೇಳುತ್ತಿದ್ದರು. ಆಕೆ, ಆಕೆಯ ಗಂಡ, ಡಾಕ್ಟರು, ನಾನು, ಇಷ್ಟು ಜನ ಬಿಟ್ಟರೆ ಮಗಳಿಗೂ ನಿಜ ಗೊತ್ತಿರಲಿಲ್ಲ.

"ಹುಡುಗಿದು ಲಗ್ನ ಗಟ್ಟಿ ಆಗೂತನಾ ಯಾರ ಮುಂದೂ ಹೇಳಬ್ಯಾಡ್ರಿ ಸಿಸ್ಟರ್," ಎಂದು ಆಕೆ ಮೊದಲ ದಿನವೇ ಕೇಳಿಕೊಂಡಿದ್ದಳು. ನಾನು ಮಾತು ಕೊಟ್ಟಿದ್ದೆ.

ತಿಂಗಳೊಳಗೆ ನನ್ನ ಮೈದುನನಿಗೇ ಆ ಹುಡುಗಿಯ ಸಂಬಂಧ ಬಂತು. ಆ ತಾಯಿಗೆ ಎಲ್ಲಿಲ್ಲದ ಹಿಗ್ಗು. ನಿಮ್ಮ ಮನೆಗೇ ಬಂದರೆ ನನಗಿನ್ನು ಚಿಂತೆಯಿಲ್ಲ ಎಂದು, ಹುಣ್ಣು ತೊಳೆಯುವಾಗಿನ ಉರಿಯಲ್ಲೂ ನಕ್ಕಳು. ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆಯೇ? ಆ ಪ್ರಶ್ನೆಗೆ ನನ್ನ ಹತ್ತಿರವೂ ನೆಟ್ಟಗಿನ ಉತ್ತರವಿರಲಿಲ್ಲ. ಆದರೂ ಬಾಯಿ ಬಿಡಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ನಾನು ಆ ಮನೆಗೆ ಹೋಗುತ್ತೇನೆಂಬುದು ಅತ್ತೆಗೆ ತಿಳಿಯಿತು. ಕುರುವಿಗೆ ಇಷ್ಟು ದಿನ ಡ್ರೆಸ್ಸಿಂಗ್ ಯಾಕೆ ಎಂದು ಕೇಳಿದರು. ಆಸ್ಪತ್ರೆಯ ಮಾತು ಮನೆಯಲ್ಲಿ ಬೇಡ ಎಂದೆ. ಎರಡು ದಿನ ಬಿಟ್ಟು, ನಾನು ರೊಟ್ಟಿ ಬಡಿಯುತ್ತಿದ್ದಾಗ ಎದುರಿಗೆ ಬಂದು ಕೂತರು.

"ರೋಗದ ಹೆಸರು ಹೇಳಬ್ಯಾಡ. ಆ ಮನಿ ಹೆಣ್ಣು ತರಬೇಕೋ ಬ್ಯಾಡೋ, ಅಷ್ಟೇ ಹೇಳು."

ತರಬಹುದು ಎನ್ನಲು ಒಂದು ಗಳಿಗೆ ಸಾಕಿತ್ತು. ನಾಳೆ ಆ ಹುಡುಗಿಗೂ ಏನಾದರೂ ಆದರೆ ಈ ಮನೆಯಲ್ಲಿ ನನ್ನ ಗತಿಯೇನು ಎಂದು ಯೋಚಿಸಿದೆ. ತಲೆ ತಗ್ಗಿಸಿ ಹಿಟ್ಟು ಮಿದ್ದುತ್ತಲೇ ಇದ್ದೆ.

"ತಿಳೀತು," ಎಂದು ಅತ್ತೆ ಎದ್ದರು.

ಸಂಬಂಧ ಬೇಡವೆಂದು ಹೇಳಿ ಸುಮ್ಮನಾಗಿದ್ದರೂ ಆಗುತ್ತಿತ್ತು. ಅವರು ಸಂಬಂಧ ತಂದಿದ್ದ ಮಧ್ಯಸ್ಥನ ಮುಂದೆ, ಆ ಹೆಂಗಸಿಗೆ ಕೆಟ್ಟ ರೋಗ ಇದೆ, ಡ್ರೆಸ್ಸಿಂಗ್ ಮಾಡುವವಳು ನಮ್ಮ ಸೊಸೆಯೇ ಎಂದರು. ನಾಲ್ಕೇ ದಿನದಲ್ಲಿ ಮಾಣಿಕನಗರದ ಓಣಿಯ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಆಕೆಯನ್ನು ನೋಡಲು ಬಂದರು. ಒಬ್ಬಳು ಹೊದಿಕೆ ಎತ್ತಿ ಇಣುಕಿದಳು. ನನ್ನ ಮೈಮೇಲೆ ಹುಳ ಹರಿದಂತಾಗಿ ಎಲ್ಲರನ್ನೂ ಹೊರಗೆ ಕಳಿಸಿದೆ. ಅವರನ್ನು ಕರೆದು ತಂದವಳೇ ನಾನು ಎಂಬುದು ನನಗೆ ಗೊತ್ತಿತ್ತು.

ಆಕೆ ಗೋಡೆ ನೋಡುತ್ತ ಕೇಳಿದಳು. "ನೀವು ಹೇಳಿದ್ರೇನ್ರಿ?"

"ಇಲ್ಲರಿ."

ಒಂದು ಶಬ್ದವನ್ನೂ ನಾನು ಆಡಿರಲಿಲ್ಲ, ನಿಜ. ಎಷ್ಟೋ ಹುಣ್ಣು ತೊಳೆದ ಮೇಲೂ ಕೈ ತೊಳೆದುಕೊಂಡು ಊಟ ಮಾಡಿದವಳು ನಾನು. ಅವತ್ತು ಮಾತ್ರ ಬಸ್ ಸ್ಟ್ಯಾಂಡಿನ ಹಿಂದೆ ನಿಂತು ವಾಂತಿ ಮಾಡಿದೆ.

ಹನ್ನೆರಡು ದಿನಕ್ಕೆ ಆಕೆ ಹೋದಳು. ಕೊನೆಯ ಪಟ್ಟಿ ಬಿಚ್ಚಿ ಮೈ ಒರೆಸಿ ಕೊಡೋಣವೆಂದು ಹೋದರೆ ಮಗಳು ಬಾಗಿಲಲ್ಲೇ ತಡೆದಳು.

"ನಾವೇ ಮಾಡ್ಕೋತೀವ್ರಿ. ನೀವು ಹೋಗ್ರಿ."

ಅದೇ ವರ್ಷ ಮೈದುನನ ಮದುವೆ ಬೇರೆ ಕಡೆ ಆಯಿತು. ನಾನೂ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದೆ, ಅದೂ ಎರಡು. ಆಮೇಲೆ ನೆರೆಯ ಹೆಂಗಸರು ಸಂಬಂಧ ನೋಡುವಾಗಲೆಲ್ಲ ಅತ್ತೆಯ ಹತ್ತಿರ ಬರತೊಡಗಿದರು, ಆ ಹೆಣ್ಣಿನ ಮನೆಯವರು ನಿಮ್ಮ ಸೊಸೆಯ ಆಸ್ಪತ್ರೆಗೆ ಬರುತ್ತಾರೇನು, ರೋಗಗೀಗ ಇದೆಯೇನು ಎಂದು. ಅತ್ತೆ ಹೆಮ್ಮೆಯಿಂದ ನನ್ನನ್ನು ಕೂಗುತ್ತಿದ್ದರು. ಬಂದವರ ಮುಖ ನೋಡಿಯೇ ನನಗೆ ಅಸಹ್ಯ ಹುಟ್ಟುತ್ತಿತ್ತು. ನನಗೆ ಯಾವ ಮನೆಯದೂ ಗೊತ್ತಿಲ್ಲ ಎಂದು ಅವರ ಕಣ್ಣು ನೋಡಿ ಹೇಳುವುದನ್ನು ಕಲಿತೆ. ಸೊಕ್ಕಿನವಳು ಎಂದರು. ಅನ್ನಲಿ ಎಂದುಕೊಂಡೆ.