ಜೈನಬಮ್ಮ ಒಪ್ಪದ ಬಿರುದು

ನಮ್ಮ ರಬ್ಬರ್ ಸೀಮೆಯಲ್ಲಿ ಶೀಟಿನ ಗುಣಮಟ್ಟದ ಬಗ್ಗೆ, ಮಾರುಕಟ್ಟೆಯ ಏರಿಳಿತದ ಬಗ್ಗೆ ಅಧಿಕಾರವಾಣಿಯಿಂದ ಮಾತನಾಡಬಲ್ಲ ಹಿರಿಯರು ಬೇಕಾದಷ್ಟಿದ್ದಾರೆ. ಆದರೆ ಆ ಶೀಟನ್ನು ಮಾಡುವವರ ಕೈ, ಕಣ್ಣು, ಗಂಟಲುಗಳ ಬಗ್ಗೆ ಸೇವಾವಧಿಯುದ್ದಕ್ಕೂ ತಲೆಕೆಡಿಸಿಕೊಂಡವರು ಯಾರೆಂದು ಕೇಳಿದರೆ, ವೇಣೂರಿನ ಆಸುಪಾಸಿನಲ್ಲಿ ಮರ ಕೊರೆದು ಹಾಲು ಇಳಿಸುವ ಟ್ಯಾಪರುಗಳು ಹಿಂದೆಮುಂದೆ ನೋಡದೆ ಹೇಳುವ ಹೆಸರು ಶ್ರೀಮತಿ ಜೈನಬಮ್ಮನವರದು. ನಮ್ಮ ಬೆಳೆಗಾರರ ಸಂಘದ ಉಗ್ರಾಣದಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಅವರ ಕುರಿತು ಈ ಅಭಿನಂದನಾ ಪುಸ್ತಕದಲ್ಲಿ ಬರೆಯುವ ಭಾಗ್ಯ, ಅವರ ಪಕ್ಕದ ಮೇಜಿನಲ್ಲಿ ಕುಳಿತು ಬೇಕಾದಷ್ಟು ಬೈಸಿಕೊಂಡ ನನ್ನ ಪಾಲಿಗೆ ಬಂದಿದೆ. ಸಂತೋಷದಿಂದ ಬರೆಯಬೇಕಾದ ಲೇಖನವಿದು. ಅಷ್ಟೊಂದು ಸಂತೋಷ ನನ್ನಲ್ಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೂಡುಬಿದಿರೆಯಲ್ಲಿ ವಿಜ್ಞಾನ ಓದಿ ಅವರು ಸಂಘಕ್ಕೆ ಸೇರಿದಾಗ, ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡಿನ ಕ್ಯಾನುಗಳು ಗೊಬ್ಬರದ ಮೂಟೆಗಳ ನಡುವೆ ಬಿದ್ದುಕೊಂಡಿದ್ದವು. ನೋಡಲು ನೀರಿನ ಹಾಗೆಯೇ ಇರುವ ಆ ದ್ರವವನ್ನು ಯಾರು ಯಾವ ಬಾಟಲಿ ತಂದರೂ ಸುರಿದು ಕೊಡುವುದು ವಾಡಿಕೆಯಾಗಿತ್ತು. ಕಂಪೆನಿಯವರು ಕಳುಹಿಸಿದ ಇಂಗ್ಲಿಷಿನ ಸುರಕ್ಷತಾ ಸೂಚನೆಗಳನ್ನು ಜೈನಬಮ್ಮ ಕನ್ನಡಕ್ಕೆ ಇಳಿಸಿ ಗೋಡೆಗೆ ಅಂಟಿಸಿದರು. ಓದಲು ಪುರುಸೊತ್ತಿಲ್ಲದವರಿಗೆ ಅದನ್ನೇ ತುಳುವಿನಲ್ಲಿ, ಬ್ಯಾರಿಯಲ್ಲಿ ಬಾಯಿಪಾಠ ಮಾಡಿಸಿದರು. ಅವರು ತಂದ ನಿಯಮಗಳು ಇಷ್ಟು: ಆಸಿಡಿಗೆ ಗಾಳಿಯಾಡುವ ಪ್ರತ್ಯೇಕ ಕೋಣೆ, ಬಾಗಿಲ ಬಳಿ ಸದಾ ನೀರು ಬರುವ ನಳ್ಳಿ, ಅಳೆಯುವವರಿಗೆ ಗ್ಲೌಸು ಮತ್ತು ಕನ್ನಡಕ, ಹೆಸರು ಹಾಗೂ ಅಪಾಯದ ಗುರುತಿಲ್ಲದ ಕ್ಯಾನಿಗೆ ಒಂದು ತೊಟ್ಟೂ ಇಲ್ಲ, ತಿನ್ನುವ ಕುಡಿಯುವ ಪಾತ್ರೆಗಂತೂ ಇಲ್ಲವೇ ಇಲ್ಲ. ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡಿಗೆ ನೀರಲ್ಲ ಎಂದು ಬಾಯಿಬಿಟ್ಟು ಹೇಳದವರಿಗೆ ಕ್ಯಾನು ಕೈಗೆ ಸಿಗುತ್ತಿರಲಿಲ್ಲ.

"ಇದೆಂತ ಮಾರಾಯ್ತಿ, ಆಸಿಡ್ ತಗೊಳ್ಳಿಕ್ಕೂ ಪರೀಕ್ಷೆಯಾ?" ಎಂದು ದೊಡ್ಡ ತೋಟದ ಧಣಿಯೊಬ್ಬರು ಒಮ್ಮೆ ಗುರುಗುಟ್ಟಿದ್ದರು.

"ಹೌದು, ಇದರಲ್ಲಿ ಫೇಲಾದ್ರೆ ಆಸ್ಪತ್ರೆ," ಎಂದರು ಜೈನಬಮ್ಮ, ತಲೆಯೆತ್ತದೆ.

ಉಗ್ರಾಣದ ಹಮಾಲಿ ಡೊಂಬಯ್ಯನ ಕಣ್ಣಿಗೆ ಒಂದು ಬೆಳಿಗ್ಗೆ ಆಸಿಡ್ ಚಿಮ್ಮಿತು. ನಾವೆಲ್ಲ ಅಯ್ಯೋ ಎನ್ನುತ್ತ ರಿಕ್ಷಾಕ್ಕೆ ಓಡುತ್ತಿದ್ದರೆ, ಅವರು ಅವನ ಕುತ್ತಿಗೆ ಹಿಡಿದು ನಳ್ಳಿಯ ಕೆಳಗೆ ಬಗ್ಗಿಸಿದರು. "ಸಾಯ್ತೇನೆ ಜೈನಬಕ್ಕ, ಉಸಿರು ಕಟ್ತದೆ!" ಎಂದು ಅವನ ಬೊಬ್ಬೆ. "ಮೊದಲು ಕಣ್ಣು ಬಿಡು, ಆಮೇಲೆ ಬೇಕಾದ್ರೆ ಸಾಯಿ," ಎಂದು ಇವರ ಜೋರು. ಹಾಗೆ ತೊಳೆಯದೆ ನೇರ ಬಂದಿದ್ದರೆ ಕಣ್ಣು ಹೋಗುತ್ತಿತ್ತು ಎಂದು ಬೆಳ್ತಂಗಡಿಯ ಡಾಕ್ಟರು ಹೇಳಿದರು. ಡೊಂಬಯ್ಯ ಇವತ್ತಿಗೂ ಕನ್ನಡಕವಿಲ್ಲದೆ ಪೇಪರು ಓದುತ್ತಾನೆ.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಸುಖವಾದ ಅಭಿನಂದನೆಯಾಗುತ್ತಿತ್ತು. ಆದರೆ ವಸಂತನ ವಿಷಯ ಬಿಟ್ಟು ಜೈನಬಮ್ಮನವರ ಬಗ್ಗೆ ಬರೆದರೆ ಅದು ಅವರ ಬಗ್ಗೆ ಬರೆದ ಹಾಗೆ ಆಗುವುದಿಲ್ಲ.

ವಸಂತ ನಮ್ಮ ಸಂಘದ ಸದಸ್ಯರೊಬ್ಬರ ತೋಟದ ಟ್ಯಾಪರ್. ಕೆಲವು ವರ್ಷಗಳ ಹಿಂದೆ, ಕ್ಯಾನು ಒಡೆದುಹೋಯಿತೆಂದು ತಂಪು ಪಾನೀಯದ ಖಾಲಿ ಬಾಟಲಿ ಹಿಡಿದುಕೊಂಡು ಬಂದ. "ಇವತ್ತೊಂದು ದಿನ ಕೊಡಿ ಅಕ್ಕ, ಹಾಲು ಡಿಶ್ಶಿನಲ್ಲಿ ಹೆಪ್ಪಾಗದೆ ಹಾಗೇ ಉಂಟು, ಹಾಳಾಗ್ತದೆ," ಎಂದು ಅಂಗಲಾಚಿದ. ಜೈನಬಮ್ಮ ನಿಯಮ ಏನು ಹೇಳುತ್ತದೋ ಅದನ್ನೇ ಹೇಳಿದರು: "ಬಾಟಲಿಗೆ ಕೊಡುದಿಲ್ಲ. ಕ್ಯಾನು ತಾ." ಅವನು ಮುಖ ಸಣ್ಣ ಮಾಡಿಕೊಂಡು ಹೋದ. ಹೋದವನು ಪೇಟೆಯ ಯಾವುದೋ ಅಂಗಡಿಯಲ್ಲಿ ಅದೇ ಬಾಟಲಿಗೆ ತುಂಬಿಸಿಕೊಂಡ. ಮಧ್ಯಾಹ್ನ ಶೀಟು ಒತ್ತಿ ದಣಿದು ಬಂದು, ಬಾಯಾರಿ, ನೀರೆಂದು ಅದನ್ನೇ ಎತ್ತಿ ಕುಡಿದ.

ಜೀವ ಉಳಿಯಿತು. ಅನ್ನನಾಳ ಸುಟ್ಟು ಮುದುಡಿಹೋಯಿತು. ಮಂಗಳೂರಿನ ಆಸ್ಪತ್ರೆಗೆ ಮತ್ತೆ ಮತ್ತೆ ಹೋಗಿ ಅದನ್ನು ಅಗಲ ಮಾಡಿಸಿಕೊಳ್ಳುವ ಅವನು ಇಂದಿಗೂ ಗಂಜಿ ತಿಳಿ, ರಾಗಿ ಅಂಬಲಿ ಬಿಟ್ಟು ಬೇರೇನನ್ನೂ ನುಂಗಲಾರ.

ನಿಮ್ಮ ತಪ್ಪೇನಿದೆ, ನಿಯಮದ ಪ್ರಕಾರವೇ ನಡೆದಿರಲ್ಲ ಎಂದು ನಾವೆಲ್ಲ ಸಮಾಧಾನ ಹೇಳಿದೆವು. "ನಿಯಮ ಸರಿ ಉಂಟು. ನನ್ನ ಹಿಂದೆ ಕೋಣೆ ತುಂಬ ಕ್ಯಾನಿತ್ತಲ್ಲ ದಯಾನಂದರೇ, ಒಂದು ಎತ್ತಿ ಕೊಟ್ಟು ನಾಳೆ ವಾಪಸ್ ತಾ ಅಂತ ಹೇಳ್ಲಿಕ್ಕೆ ನನಗೆ ಎಂತ ರೋಗ ಬಂದಿತ್ತು?" ಎಂದರು ಅವರು. ಅಲ್ಲಿಂದ ಮುಂದೆ ಬರಿಗೈಯಲ್ಲಿ ಬಂದವರು ಗುರುತು ಹಾಕಿದ ಕ್ಯಾನಿನೊಂದಿಗೇ ಮರಳಿದರು. ಎರವಲು ಕೊಡಲು ಸಂಘದ ಉಪವಿಧಿಯಲ್ಲಿ ಅವಕಾಶವಿಲ್ಲ ಎಂದ ಆಡಳಿತ ಮಂಡಳಿಯ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ರಜೆಯ ದಿನಗಳಲ್ಲಿ ಬೆಳ್ತಂಗಡಿ, ಬಂಟ್ವಾಳದ ಅಂಗಡಿ ಅಂಗಡಿ ಹತ್ತಿ ಇಳಿದು, ಬಾಟಲಿಗೆ ಆಸಿಡ್ ಸುರಿಯಬೇಡಿ ಎಂದು ಕೈಮುಗಿದರು. ಕೆಲವರು ಕೇಳಿದರು, ಕೆಲವರು ನಿಮಗ್ಯಾಕೆ ಊರ ಉಸಾಬರಿ ಎಂದು ನಕ್ಕರು.

ಈಗ ಸನ್ಮಾನಪತ್ರದ ಸಂಗತಿ. 'ಅಪಘಾತರಹಿತ ಸೇವೆಯ ಸಾಧಕಿ' ಎಂಬ ಬಿರುದನ್ನು ಸನ್ಮಾನ ಸಮಿತಿ ಬರೆಸಿತ್ತು. ಡೊಂಬಯ್ಯನ ಕಣ್ಣು ಉಳಿದದ್ದರಿಂದ, ನಮ್ಮ ಉಗ್ರಾಣದ ಮಟ್ಟಿಗೆ ಅದು ಪೂರ್ತಿ ಸುಳ್ಳೂ ಅಲ್ಲ. ಕರಡು ಓದಿ ಜೈನಬಮ್ಮನವರ ಮುಖ ಕೆಂಪೇರಿತು. "ವಸಂತನನ್ನು ಕೇಳಿ ಬನ್ನಿ. ಅವ ಹಾಕಿ ಅಂದ್ರೆ ಹಾಕಿ."

ಹೋದೆ. ವಸಂತ ಈಗ ತೋಟದ ಕೆಲಸ ಬಿಟ್ಟು ಮನೆಯಲ್ಲೇ ಬೀಡಿ ಕಟ್ಟುತ್ತಾನೆ. ನಾನು ಹೇಳಿದ್ದನ್ನು ಕೇಳಿ ಕೈಯಲ್ಲಿದ್ದ ಬೀಡಿ ಎಲೆಯನ್ನು ಕೆಳಗಿಟ್ಟ. ಆಮೇಲೆ ಸುಟ್ಟ ಗಂಟಲಿನ ಕುಂದಿದ ದನಿಯಲ್ಲಿ, "ಅಕ್ಕ ಒಳ್ಳೆಯವರು. ಆಸ್ಪತ್ರೆಗೆ ಅಷ್ಟು ಸಲ ಬಂದದ್ದು ಅವರೇ, ನೀವು ಯಾರೂ ಅಲ್ಲ. ಆದ್ರೆ ನನಗೆ ಸಿಟ್ಟು ಉಂಟು ದಯಾನಂದಣ್ಣ. ಅಂಗಡಿಯವನ ಮೇಲೆ ಉಂಟು, ನನ್ನ ಮೇಲೆ ಉಂಟು. ಅಕ್ಕನ ಮೇಲೆಯೂ ಸ್ವಲ್ಪ ಉಂಟು. ಇಲ್ಲ ಅಂತ ಹೇಗೆ ಹೇಳುದು?" ಎಂದ.

ಇದನ್ನು ಜೈನಬಮ್ಮನವರಿಗೆ ತಿಳಿಸದೆ ನುಂಗಿಬಿಡೋಣವೆಂದಿದ್ದೆ. ಅವರೆದುರು ನಿಂತಾಗ ಆಗಲಿಲ್ಲ. ಅವರು ಸೆರಗಿನಿಂದ ಕಣ್ಣೊರಸಿಕೊಂಡು, "ಇಷ್ಟು ವರ್ಷ ಸಿಟ್ಟು ತೋರಿಸದೆ ನನ್ನೆದುರು ನಗಾಡಿದ, ಪಾಪ. ಬಿರುದು ತೆಗೀರಿ. ಅವ ಹೇಳಿದ್ದನ್ನು ಪುಸ್ತಕದಲ್ಲಿ ಹಾಕಿ," ಎಂದರು.

ಹಾಕಿದ್ದೇನೆ. ಜೈನಬಮ್ಮನವರಿಗೆ ದೇವರು ದೀರ್ಘಾಯುಸ್ಸನ್ನೂ, ಪೇಟೆಯ ಅಂಗಡಿಗಳ ಮೆಟ್ಟಿಲುಗಳನ್ನು ಇನ್ನಷ್ಟು ವರ್ಷ ಹತ್ತಿಳಿಯುವ ಮೊಣಕಾಲಿನ ಬಲವನ್ನೂ ಕರುಣಿಸಲಿ. ಸಮಾರಂಭಕ್ಕೆ ಬರುತ್ತೇನೆಂದು ವಸಂತ ಹೇಳಿದ್ದಾನೆ. ಊಟದ ಹೊತ್ತಿಗಿಂತ ಮುಂಚೆ ಎದ್ದು ಹೋಗುತ್ತಾನಂತೆ.